ಪಿಜಿಗಳ ಮಕ್ಕಳ ಮನೋವೈದ್ಯಕೀಯ ಕ್ಲಾಸ್, ಬೆಳಗಾವಿ: ಸಂದರ್ಶನದ ಪಾಠ ಗಟ್ಟಿ, ಕಲಿಕಾ ನ್ಯೂನತೆಯ ಪಾಠ ಪೊಳ್ಳು

ಬೆಳಗಾವಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ಎಂ.ಡಿ. ಮನೋವೈದ್ಯಕೀಯ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ (ಪಿಜಿಗಳಿಗೆ) ವಾರಕ್ಕೊಮ್ಮೆ ನಡೆಯುವ ಕ್ಲಾಸ್ ಇದು. ಮೂರು ವರ್ಷದ ಕೋರ್ಸಿನಲ್ಲಿ ಮಕ್ಕಳ ವಿಭಾಗಕ್ಕೆ ಸಿಗುವ ಪೋಸ್ಟಿಂಗ್ ಕಡಿಮೆ. ಹಾಗಾಗಿ ಕ್ಲಾಸಿನಲ್ಲಿ ಬಿಟ್ಟುಹೋದದ್ದು ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ತಾನಾಗಿ ತುಂಬಿಕೊಳ್ಳುವುದಿಲ್ಲ.

ಇಲ್ಲಿನ ಜೀವಾಳ ಸಂದರ್ಶನದ ಅಭ್ಯಾಸ. ಒಬ್ಬ ಪಿಜಿ ಬೈಲಹೊಂಗಲ ಕಡೆಯ ತಾಯಿಯಾಗಿ ಕೂರುತ್ತಾರೆ, ಇನ್ನೊಬ್ಬರು ಪ್ರಶ್ನೆ ಕೇಳುತ್ತಾರೆ. ‘ಹುಡುಗ ಭಾಳ ಹಟ ಮಾಡ್ತಾನೇನ್ರಿ?’ ಎಂದ ಕೂಡಲೇ ಪಾಠ ಮಾಡುವ ಮೇಡಂ ತಡೆಯುತ್ತಾರೆ. ಆ ಪ್ರಶ್ನೆಗೆ ಯಾವ ತಾಯಿಯಾದರೂ ಹೌದೆಂದೇ ಹೇಳುತ್ತಾಳೆ. ‘ನಿನ್ನೆ ಸಾಲಿ ಬಿಟ್ಟ ಬಂದ ಮ್ಯಾಲೆ ಏನೇನ ಮಾಡಿದಾ, ಒಂದೊಂದಾಗಿ ಹೇಳ್ರಿ ಅಕ್ಕಾರ’ ಎಂದು ಕೇಳಿಸುತ್ತಾರೆ. ಆಗ ವಿಷಯ ಹೊರಬೀಳುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎನ್ನಬೇಕಾದರೆ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಇರಬೇಕು. ಅದಕ್ಕೇ ಶಿಕ್ಷಕರನ್ನು ವಿಚಾರಿಸದೆ ಬರೆದ ಕೇಸ್ ಶೀಟನ್ನು ಚರ್ಚೆಗೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಕಟ್ಟುನಿಟ್ಟು.

ಔಷಧದ ಪಾಠವೂ ಚೆನ್ನಾಗಿದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ 5 ಮಿ.ಗ್ರಾಂನಿಂದ ಶುರು, ವಾರಕ್ಕೊಮ್ಮೆ ನೋಡಿ ಏರಿಸುವುದು. ಪ್ರತಿ ಭೇಟಿಯಲ್ಲೂ ತೂಕ, ಎತ್ತರ, ನಾಡಿ, ಬಿಪಿ. ಸಾದಾ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ತಾಸು. ಬೆಳಿಗ್ಗೆ 8ಕ್ಕೆ ಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದಿರುತ್ತದೆ. ‘ಊಟ ಆದ ಮೇಲೆ ಕೂರುವುದೇ ಇಲ್ಲ’ ಎಂದು ಶಾಲೆಯಿಂದ ದೂರು ಬಂದರೆ ಹೊಸಬರು ಬೆಳಗಿನ ಡೋಸ್ ಏರಿಸಿಬಿಡುತ್ತಾರೆ, ಹಸಿವು ಸತ್ತು ಮಗು ಊಟ ಬಿಡುತ್ತದೆ. ನೋಡಬೇಕಾದದ್ದು ಗಡಿಯಾರ. ಬೋರ್ಡಿನ ಮೇಲೆ ಮಗುವಿನ ಇಡೀ ದಿನವನ್ನು ತಾಸು ತಾಸಾಗಿ ಬರೆದು ಇದನ್ನು ತೋರಿಸುವ ಕ್ರಮ ಬೇರೆಯವರೂ ಅನುಸರಿಸುವಂಥದ್ದು.

ಕಾನೂನಿಗೆ ಒಂದೇ ಕ್ಲಾಸ್, ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅಪ್ರಾಪ್ತರ ದಾಖಲಾತಿಯನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕೆಂಬುದು ಬರುತ್ತದೆ. ಆದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವುದು ವೈದ್ಯರಿಗೂ ಕಡ್ಡಾಯ ಎಂಬುದು ಒಂದೇ ಸ್ಲೈಡಿನಲ್ಲಿ ಮುಗಿಯುತ್ತದೆ. ಹದಿನಾರರ ಹುಡುಗಿಗೆ ‘ಯಾರಿಗೂ ಹೇಳಲ್ಲಮ್ಮ’ ಎಂದು ಮಾತು ಕೊಟ್ಟ ಮೇಲೆ ಆ ಕಲಂ ನೆನಪಾದರೆ ಅವಳ ನಂಬಿಕೆ ಮುರಿಯುತ್ತದೆ. ಗುಟ್ಟಿನ ಮಿತಿಯನ್ನು ಮೊದಲ ಐದು ನಿಮಿಷದಲ್ಲೇ ಹೇಗೆ ಹೇಳಬೇಕೆಂದು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು.

ನಿಜವಾದ ಕೊರತೆ ಕಲಿಕಾ ನ್ಯೂನತೆಯ (ಓದು, ಬರಹ, ಲೆಕ್ಕ ಕಲಿಯುವುದರಲ್ಲಿನ ತೊಂದರೆಯ) ಪಾಠದಲ್ಲಿ. ಉದಾಹರಣೆಗಳೆಲ್ಲ ಇಂಗ್ಲಿಷ್ ಸ್ಪೆಲ್ಲಿಂಗ್. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗು ಓದಲು ತಡವರಿಸಿದರೆ ಅದು ನ್ಯೂನತೆಯೋ, ಭಾಷೆಯ ಅಭ್ಯಾಸ ಸಾಲದೋ? ಒತ್ತಕ್ಷರ, ದೀರ್ಘಗಳಲ್ಲಿ ಆಗುವ ತಪ್ಪುಗಳನ್ನು ಒಮ್ಮೆಯೂ ಬಿಡಿಸಿ ತೋರಿಸುವುದಿಲ್ಲ. ಇಂಥ ಮಕ್ಕಳ ತಪಾಸಣೆಯಲ್ಲಿ ಬಳಸುವ ಬಿನೆ–ಕಾಮತ್ ಬುದ್ಧಿಶಕ್ತಿ ಪರೀಕ್ಷೆ ಕನ್ನಡ, ಮರಾಠಿ ಮಕ್ಕಳಿಗೆಂದೇ ರೂಪುಗೊಂಡದ್ದು. ಅದರ ಮಾನದಂಡ ಹಳೆಯದು, ಭಾಷೆಯ ಮೇಲೆ ಹೆಚ್ಚು ನಿಂತದ್ದು. ಆದರೂ ಪಿಜಿಗಳು ನೋಡುವುದು ವರದಿಯ ಕೊನೆಯ ಐಕ್ಯೂ ಅಂಕಿ ಮಾತ್ರ. ಸೈಕಾಲಜಿ ವಿಭಾಗದವರನ್ನು ಕರೆಸಿ, ಆ ಪರೀಕ್ಷೆಯ ಸಾಮಗ್ರಿಯ ಪೆಟ್ಟಿಗೆ ತೆರೆದು, ಒಂದು ಮಧ್ಯಾಹ್ನ ಪಿಜಿಗಳ ಕೈಯಿಂದಲೇ ಮಾಡಿಸಲಿ.