ಕುವೆಂಪುನಗರದ ಕಚೇರಿಯಲ್ಲಿ ಸಿನಾಪ್ಸ್: ಆರು ತಿಂಗಳ ಬಳಕೆಯ ನಂತರ

ಗ್ರಾಹಕರ ಕಾಗದಪತ್ರಗಳು ಯಾರದೋ ಸರ್ವರ್‌ನಲ್ಲಿ ಕೂರುವುದು ಬೇಡವೆಂದು, ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಒಂಬತ್ತು ಜನರ ಲೆಕ್ಕಪತ್ರ ಕಚೇರಿಯ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ, ಮ್ಯಾಟ್ರಿಕ್ಸ್ ಎಂಬ ಮುಕ್ತ ಸಂದೇಶ ಪ್ರೋಟೊಕಾಲ್‌ನ ಸಿನಾಪ್ಸ್ ಚಾಟ್ ಸರ್ವರನ್ನು ಡಾಕರ್ ಕಂಟೇನರ್‌ನಲ್ಲಿ (ತಂತ್ರಾಂಶವನ್ನು ಉಳಿದವುಗಳಿಂದ ಬೇರ್ಪಡಿಸಿ ನಡೆಸುವ ಪೆಟ್ಟಿಗೆಯಂಥ ವ್ಯವಸ್ಥೆ) ನಡೆಸುತ್ತಿದ್ದೇನೆ.

ಆರಂಭ ಸುಲಭ. ‘ಜನರೇಟ್’ ಆದೇಶ ಕೊಟ್ಟರೆ ಸಂರಚನಾ ಕಡತ ತಾನಾಗಿ ಸಿದ್ಧವಾಗುತ್ತದೆ. 8008ನೇ ಪೋರ್ಟ್‌ನಲ್ಲಿ (ಸಂಪರ್ಕದ ಬಾಗಿಲಿನಲ್ಲಿ) ಸರ್ವರ್ ಎದ್ದು ನಿಲ್ಲುತ್ತದೆ. ಆದರೆ ಆಗ ಕೊಡುವ ಸರ್ವರ್ ಹೆಸರು ಪ್ರತಿ ಬಳಕೆದಾರರ ಗುರುತಿನ ಭಾಗವಾಗುವುದರಿಂದ ಮುಂದೆ ಬದಲಿಸಲಾಗದು. ನಾನು ಪರೀಕ್ಷೆಗೆಂದು ಯಾವುದೋ ಹೆಸರು ಕೊಟ್ಟು, ಎಲ್ಲರ ಖಾತೆ ತೆರೆದ ಮೇಲೆ ತಲೆ ಚಚ್ಚಿಕೊಂಡು ಮೊದಲಿನಿಂದ ಶುರುಮಾಡಿದೆ.

ಮೂಲದಲ್ಲಿ ಬರುವ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಪರೀಕ್ಷೆಗೆ ಮಾತ್ರ ಸಾಕು. ದಿನನಿತ್ಯದ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಬೇಕು. ಅದರ ಡೇಟಾಬೇಸ್ ‘ಸಿ’ ಕೊಲೇಷನ್‌ನಲ್ಲಿ (ಅಕ್ಷರಗಳನ್ನು ಹೋಲಿಸಿ ಅನುಕ್ರಮದಲ್ಲಿಡುವ ನಿಯಮ) ಇಲ್ಲದಿದ್ದರೆ ಸಿನಾಪ್ಸ್ ಏಳಲು ನಿರಾಕರಿಸುತ್ತದೆ, ಮತ್ತು ಪೋಸ್ಟ್‌ಗ್ರೆಸ್‌ನ ಸಿದ್ಧ ಇಮೇಜ್ (ಕಂಟೇನರ್ ರಚಿಸಲು ಬಳಸುವ ಅಚ್ಚು) ಹಾಗೆ ರಚಿಸುವುದಿಲ್ಲ. ಒಂದು ಸಾಲಿನ ಈ ತಿದ್ದುಪಡಿಗೆ ನನ್ನ ಇಡೀ ಭಾನುವಾರ ಹೋಯಿತು.

‘ಡೇಟಾ’ ಫೋಲ್ಡರನ್ನು ಕಂಟೇನರ್‌ನ ಹೊರಗಿನ ಡಿಸ್ಕಿಗೆ ಜೋಡಿಸಿದ್ದರಿಂದ ನವೀಕರಣಗಳು ನಿರಾತಂಕವಾಗಿ ನಡೆದಿವೆ. ಕರೆಂಟು ಹೋಗಿ ಬಂದಾಗಲೂ, ಮರುಪ್ರಾರಂಭದ ನಿಯಮ ಬರೆದಿಟ್ಟಿರುವುದರಿಂದ, ಯಾರೂ ಗುಂಡಿ ಒತ್ತಬೇಕಿಲ್ಲ.

ಹೊರಗಿನ ಸರ್ವರ್‌ಗಳೊಂದಿಗಿನ ಸಂಪರ್ಕವನ್ನು ನಾವು ಮುಚ್ಚಿದ್ದೇವೆ. ಏಕೆಂದರೆ ಅವುಗಳಲ್ಲಿನ ದೊಡ್ಡ ಸಾರ್ವಜನಿಕ ಕೋಣೆಗಳನ್ನು (ಗುಂಪು ಚಾಟ್‌ಗಳನ್ನು) ಸೇರಿದರೆ ಮೆಮೊರಿ ಬಹಳ ಬೇಕಾಗುತ್ತದೆ. ಸಹೋದ್ಯೋಗಿಗಳು ಈ ಚಾಟ್‌ಗೆ ಬಳಸುವ ಎಲಿಮೆಂಟ್ ಆ್ಯಪನ್ನು ಬೇಗ ಕಲಿತರು, ಹಳೆಯ ಗೂಢಲಿಪಿ ಸಂದೇಶಗಳನ್ನು ಹೊಸ ಫೋನಿನಲ್ಲಿ ತೆರೆಯಲು ಬೇಕಾದ ಮರುಪಡೆಯುವ ಕೀಲಿಯೊಂದನ್ನು ಬಿಟ್ಟು: ಅದನ್ನು ಕಳೆದುಕೊಂಡು ಫೋನನ್ನೂ ಬದಲಿಸಿದವರೊಬ್ಬರ ಹಳೆಯ ಗೂಢಲಿಪಿ ಸಂದೇಶಗಳನ್ನು ಸರ್ವರ್ ನಡೆಸುವ ನಾನೂ ತೆರೆದುಕೊಡಲಾಗಲಿಲ್ಲ.