ಎನ್‌ಬಿಎ ಲೀಗ್ ಪಾಸ್: ಜೂನ್ ಫೈನಲ್ಸ್ ನೋಡುವವರಿಗಲ್ಲ, ಅಕ್ಟೋಬರಿನಿಂದ ಕೂರುವವರಿಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ ಪಂದ್ಯಗಳನ್ನು ದುಡ್ಡು ಕೊಟ್ಟು ಆ್ಯಪ್‌ನಲ್ಲಿ ನೋಡುವ ಎನ್‌ಬಿಎ ಲೀಗ್ ಪಾಸ್ ತಗೊಳ್ಳಲಾ ಬೇಡವಾ ಅಂತ ನಮ್ಮ ಅಂಗಡಿಗೆ ಬರುವ ಕಾಲೇಜು ಹುಡುಗರು ಕೇಳುತ್ತಲೇ ಇರುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದು ಜೆರಾಕ್ಸ್, ಬೈಂಡಿಂಗ್ ಅಂಗಡಿ. ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಆಗುವಷ್ಟರಲ್ಲಿ ಬಾಸ್ಕೆಟ್‌ಬಾಲ್ ಮಾತು ಶುರುವಾಗಿರುತ್ತದೆ. ಕಾಲೇಜಿನಲ್ಲಿ ನಾನು ಪಾಯಿಂಟ್ ಗಾರ್ಡ್ ಆಗಿ ಆಡುತ್ತಿದ್ದೆ. ಆಡುವುದು ನಿಂತು ವರ್ಷಗಳಾದವು, ನೋಡುವುದು ನಿಂತಿಲ್ಲ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಸೇವೆಯ ವಿಷಯ, ಬೇಗ ಮುಗಿಸುತ್ತೇನೆ. 30 ತಂಡ, ಒಂದೊಂದಕ್ಕೂ 82 ಪಂದ್ಯ. ಅಕ್ಟೋಬರಿನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ಲೀಗ್, ಆಮೇಲೆ ಜೂನ್‌ವರೆಗೆ ಪ್ಲೇ ಆಫ್, ಅಂದರೆ ಒಂದೊಂದು ಸುತ್ತಿನಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ಅಮೆರಿಕದ ರಾತ್ರಿ ನಮಗೆ ಬೆಳಗ್ಗೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಕಡೆಯ ಪಂದ್ಯ ಐದೂವರೆ ಆರಕ್ಕೆ, ಕ್ಯಾಲಿಫೋರ್ನಿಯಾದ್ದು ಎಂಟೂವರೆಗೆ. ಅಂಗಡಿ ಬಾಗಿಲು ತೆಗೆಯುವುದರೊಳಗೆ ಒಂದು ಪಂದ್ಯ ಆರಾಮಾಗಿ ಮುಗಿಯುತ್ತದೆ. ಪೂರ್ತಿ ನೋಡಲು ಪುರುಸೊತ್ತಿಲ್ಲದವರಿಗೆ ಹತ್ತು ನಿಮಿಷಕ್ಕೆ ಕತ್ತರಿಸಿದ ಪಂದ್ಯ ಸಿಗುತ್ತದೆ. ಮಳೆಗಾಲ ಶುರುವಾಗಿ ಕರೆಂಟು, ನೆಟ್ ಎರಡೂ ಕೈಕೊಡುವಾಗ ಅದೇ ಗತಿ. ಹಳೆಯ ಪಂದ್ಯಗಳೂ ಇವೆ. ಇಷ್ಟಕ್ಕೆ ನನ್ನ ತಕರಾರು ಏನೂ ಇಲ್ಲ.

ಆದರೆ ನಾವು ದುಡ್ಡು ಕೊಡುವುದು ಆ್ಯಪ್‌ಗಲ್ಲ, ಆಟಕ್ಕೆ. ಆ ವರ್ಷದ ಲೀಗ್ ಹೇಗಿದೆ ಅನ್ನುವುದರ ಮೇಲೆ ಪಾಸ್‌ನ ಬೆಲೆ ನಿಂತಿದೆ. ಎಲ್ಲ ಸ್ಟಾರ್‌ಗಳೂ ಒಂದೇ ಕಡೆ ಸೇರಿದ ಸೂಪರ್ ಟೀಮ್ ಇದ್ದ ವರ್ಷಗಳಲ್ಲೂ ನೋಡಿದ್ದೇನೆ, ಇಲ್ಲದ ವರ್ಷಗಳಲ್ಲೂ ನೋಡಿದ್ದೇನೆ. ಎರಡೂ ಒಂದೇ ವಸ್ತು ಅಲ್ಲವೇ ಅಲ್ಲ.

ಒಂದು ತಂಡ ಜಾಸ್ತಿ ಗೆದ್ದರೆ ಬೇಜಾರು ಅಂತ ನಾನು ಹೇಳುತ್ತಿಲ್ಲ. 2015–16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 82ರಲ್ಲಿ 73 ಗೆದ್ದರು, ಸೋತದ್ದು ಬರೀ 9. ಇವತ್ತಿಗೂ ಅದು ದಾಖಲೆ. ನಾನು ಪ್ರತಿ ಬೆಳಗ್ಗೆ ಆಸೆಯಿಂದ ನೋಡಿದ ಸೀಸನ್ ಅದು. ಸ್ಟೀಫನ್ ಕರ್ರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಮೂವರೂ ಡ್ರಾಫ್ಟಿನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಆ ತಂಡಕ್ಕೇ ಬಂದು, ಅಲ್ಲೇ ಬೆಳೆದವರು. ಗ್ರೀನ್ ಅಂತೂ 35ನೇ ಆಯ್ಕೆ. ಇವರು ಹೀಗೆ ಆಡುತ್ತಾರೆ ಅಂತ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಆ ಫೆಬ್ರವರಿಯಲ್ಲಿ ಓಕ್ಲಹೋಮದಲ್ಲಿ ನಡೆದ ಪಂದ್ಯ ನಮಗೆ ಭಾನುವಾರ ಬೆಳಗ್ಗೆ ಬಂತು. ಓವರ್‌ಟೈಮ್, 118–118. ಟೈಮ್ ಔಟ್ ಕೇಳಲಿಲ್ಲ. ಕರ್ರಿ ಸುಮ್ನೆ ಚೆಂಡು ಪುಟಿಸಿಕೊಂಡು ಬಂದ. ನಡುಗೆರೆ ದಾಟಿ ಒಂದೆರಡು ಹೆಜ್ಜೆ ಇಟ್ಟವನೇ ಅಲ್ಲಿಂದಲೇ ಎಸೆದ. ಎದುರಿನವರು ಕೈ ಎತ್ತುವುದರೊಳಗೆ ಚೆಂಡು ಹೋಗಿಯಾಗಿತ್ತು, ಬುಟ್ಟಿಗೇ ಬಿತ್ತು. ಒಲೆ ಮೇಲಿನ ಅಕ್ಕಿ ರೊಟ್ಟಿ ಸೀದ ವಾಸನೆ ಮನೆಯಲ್ಲಿ ಯಾರ ಮೂಗಿಗೂ ಬಡಿಯಲಿಲ್ಲ.

ಆ ದಿನ ಎದುರು ತಂಡದಲ್ಲಿ 37 ಅಂಕ ಹೊಡೆದು, ಫೌಲ್‌ಗಳಿಂದಾಗಿ ಬೆಂಚಿಗೆ ಹೋಗಿದ್ದವನು ಕೆವಿನ್ ಡ್ಯುರಾಂಟ್. ಆ ವರ್ಷದ ಪ್ಲೇ ಆಫ್‌ನಲ್ಲೂ ಅವನ ತಂಡ 3–1 ಮುಂದಿದ್ದು ಇದೇ ವಾರಿಯರ್ಸ್‌ಗೆ ಸೋತಿತು. ಜುಲೈ 4ಕ್ಕೆ ಅವನು ಅದೇ ವಾರಿಯರ್ಸ್‌ಗೆ ಹೋಗುತ್ತೇನೆ ಅಂದ! ಹೋಗಲು ದಾರಿಯಾದದ್ದು ದುಡ್ಡಿನಿಂದ. ತಂಡಗಳ ಸಂಬಳಕ್ಕೆ ಒಂದು ಮಿತಿ ಇರುತ್ತದೆ. ಹೊಸ ಟಿವಿ ಒಪ್ಪಂದದ ಹಣ ಬಂದು ಆ ಮಿತಿ 7 ಕೋಟಿ ಡಾಲರಿನಿಂದ 9 ಕೋಟಿ 40 ಲಕ್ಷಕ್ಕೆ ಒಂದೇ ಸಲ ಜಿಗಿಯಿತು. ಇಲ್ಲದಿದ್ದರೆ ಈಗಾಗಲೇ ಸ್ಟಾರ್‌ಗಳಿಂದ ತುಂಬಿದ್ದ ತಂಡದಲ್ಲಿ ಅವನಿಗೆ ಜಾಗ ಮಾಡುವುದು ಕಷ್ಟವಿತ್ತು.

ಮುಂದಿನ ಸೀಸನ್ 67 ಗೆಲುವು. ಪ್ಲೇ ಆಫ್‌ನಲ್ಲಿ 16 ಗೆಲುವು, 1 ಸೋಲು. ಆಟ ಕೆಟ್ಟದಾಗಿತ್ತಾ? ಇಲ್ಲ, ಅಷ್ಟು ಚೆಂದದ ಪಾಸಿಂಗ್ ನಾನು ಬೇರೆ ಎಲ್ಲೂ ನೋಡಿಲ್ಲ. ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ, 45 ಸೆಕೆಂಡ್ ಉಳಿದಿದ್ದಾಗ, ಡ್ಯುರಾಂಟ್ ಓಡಿಬಂದು ಎದುರು ತಂಡದ ಸ್ಟಾರ್ ಲೆಬ್ರಾನ್ ಜೇಮ್ಸ್‌ನ ಮುಖದೆದುರೇ ಮೂರು ಅಂಕದ ಶಾಟ್ ಹೊಡೆದು ತಂಡವನ್ನು ಮುಂದೆ ತಂದದ್ದು ಈಗಲೂ ಮೈ ಜುಮ್ಮೆನ್ನಿಸುತ್ತದೆ. ತೊಂದರೆ ಇದ್ದದ್ದು ಡಿಸೆಂಬರಿನಲ್ಲಿ, ಜನವರಿಯಲ್ಲಿ. ಮೂರನೇ ಕ್ವಾರ್ಟರಿಗೇ ಇಪ್ಪತ್ತೈದು ಅಂಕದ ಅಂತರ. ನಾಲ್ಕನೆಯದಕ್ಕೆ ಕರ್ರಿ ಟವೆಲ್ ಹೊದ್ದು ಬೆಂಚಿನಲ್ಲಿ. ಇನ್ನುಳಿದ 29 ತಂಡಗಳ ಪಂದ್ಯ ನೋಡಿದರೂ ಮನಸ್ಸಿನಲ್ಲಿ ಒಂದೇ ಮಾತು: ಯಾರು ಗೆದ್ದರೇನು, ಕೊನೆಗೆ ಅವರೇ ತಾನೇ.

ನಮ್ಮ ಮಾವ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ತೀರ್ಥಹಳ್ಳಿ ಕಡೆಯವರು, ವಯಸ್ಸಿನಲ್ಲಿ ವಾಲಿಬಾಲ್ ಆಡಿದವರು. ಕಾಫಿ ಲೋಟ ಹಿಡಿದು ಬಂದು ಟಿವಿ ಮುಂದೆ ಕೂರುತ್ತಿದ್ದರು.

“ಏನಮ್ಮಾ, ಇವತ್ತೂ ಅವ್ರೇನಾ?”

“ಹೌದು ಮಾವ, ಆಗ್ಲೇ ಮುಗೀತು.”

“ನಮ್ಮ ಹೊನಲು ಬೆಳಕಿನ ಟೂರ್ನಮೆಂಟಲ್ಲೂ ಹಿಂಗೇ ಆಗ್ತಿತ್ತು ನೋಡು. ದುಡ್ಡಿದ್ದ ಟೀಮು ಹೊರಗಿಂದ ಮೂರು ಜನ ಪ್ಲೇಯರ್ಸ್ ಕರೆಸ್ತು ಅಂದ್ರೆ ಫೈನಲ್ಲಿಗೆ ಜನ ಕಿಕ್ಕಿರೀತಿದ್ರು. ಲೀಗ್ ಮ್ಯಾಚಿಗೆ ನಾಯಿನೂ ಇರ್ತಿರ್ಲಿಲ್ಲ. ಕೊನೆಗೆ ಪಂಚಾಯ್ತಿ ಮಟ್ಟದವರು ಮಾತ್ರ ಆಡ್ಬೇಕು ಅಂತ ಮಾಡಿದ್ರು.”

ಸೂಪರ್ ಟೀಮ್ ಇದ್ದರೇ ಜನ ಹೆಚ್ಚು ನೋಡುತ್ತಾರೆ ಅಂತ ಅಂಕಿ ಅಂಶ ಹಿಡಿದು ವಾದ ಮಾಡುವವರಿಗೂ ಈ ಮಾತೇ ಉತ್ತರ ಅಂತ ನನಗೆ ಅನ್ನಿಸುತ್ತದೆ. 2017ರ ಫೈನಲ್ಸನ್ನು ಅಮೆರಿಕದಲ್ಲಿ ಸರಾಸರಿ 2 ಕೋಟಿಗೂ ಹೆಚ್ಚು ಜನ ನೋಡಿದರು. 1998ರಲ್ಲಿ ಮೈಕಲ್ ಜೋರ್ಡನ್ ಆಡಿದ ಕೊನೆಯ ಫೈನಲ್ಸ್ ಆದಮೇಲೆ ಅಷ್ಟು ಜನ ನೋಡಿರಲೇ ಇಲ್ಲ. 2025ರ ಫೈನಲ್ಸ್‌ಗೆ ಸಿಕ್ಕಿದ್ದು 1 ಕೋಟಿ ಚಿಲ್ಲರೆ. ಟಿವಿ ನೋಡುವವರೇ ಕಡಿಮೆಯಾಗಿದ್ದಾರೆ, ಅದೂ ಒಂದು ಕಾರಣ, ನಿಜ. ಆದರೂ ದೊಡ್ಡ ಹೆಸರುಗಳು ಜನರನ್ನು ಎಳೆಯುತ್ತವೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಲೆಬ್ರಾನ್, ಡ್ವೇನ್ ವೇಡ್, ಕ್ರಿಸ್ ಬಾಷ್ 2010ರಲ್ಲಿ ಮಯಾಮಿಯಲ್ಲಿ ಸೇರಿದಾಗ ಅವರು ಸೋಲುವುದನ್ನು ನೋಡಲೆಂದೇ ಜನ ಕೂತರು. 2011ರಲ್ಲಿ ಡಲ್ಲಾಸ್ ಅವರನ್ನು ಸೋಲಿಸಿಯೂ ತೋರಿಸಿತು. ಆದರೆ ಆ 2 ಕೋಟಿ ಜನ ಬಂದದ್ದು ಜೂನಿನಲ್ಲಿ. ಪಾಸ್ ತೆಗೆದುಕೊಂಡವರು ಅಕ್ಟೋಬರಿನಿಂದ ಕೂತಿರುತ್ತಾರೆ. ಫೈನಲ್ಸ್ ನೋಡಿ ಲೀಗಿಗೆ ಮಾರ್ಕ್ಸ್ ಕೊಡುವುದು ನಮ್ಮಂಥವರಿಗೆ ಅನ್ಯಾಯ.

ಈಗಿನ ಲೀಗಿಗೆ ಬನ್ನಿ. 2019ರಿಂದ 2025ರವರೆಗೆ ಏಳು ವರ್ಷ, ಏಳು ಬೇರೆ ಬೇರೆ ಚಾಂಪಿಯನ್: ಟೊರಾಂಟೊ, ಲೇಕರ್ಸ್, ಮಿಲ್ವಾಕಿ, ವಾರಿಯರ್ಸ್, ಡೆನ್ವರ್, ಬಾಸ್ಟನ್, ಓಕ್ಲಹೋಮ. ಹೀಗೆ ಹಿಂದೆ ಎಂದೂ ಆಗಿರಲಿಲ್ಲ. ಡ್ಯುರಾಂಟ್, ಬುಕರ್, ಬೀಲ್ ಮೂವರು ಸ್ಟಾರ್‌ಗಳನ್ನೂ ಸೇರಿಸಿದ ಫೀನಿಕ್ಸ್ ಅಂತೂ 2024ರ ಮೊದಲ ಸುತ್ತಿನಲ್ಲೇ 4–0 ಸೋತು ಮನೆಗೆ ಹೋಯಿತು. ಮರುವರ್ಷ ಪ್ಲೇ ಆಫ್‌ಗೇ ಬರಲಿಲ್ಲ. ಲೀಗ್ ಮತ್ತು ಆಟಗಾರರ ನಡುವಿನ 2023ರ ಹೊಸ ಒಪ್ಪಂದದಲ್ಲಿ ಸಂಬಳ ಒಂದು ಗಡಿ ದಾಟಿದ ತಂಡಗಳಿಗೆ ಕೈಕಾಲು ಕಟ್ಟಿದ್ದಾರೆ. ಇಬ್ಬರು ಮೂವರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಸ್ಟಾರ್‌ನನ್ನು ಬದಲಿಗೆ ತರುವ ಹಾಗಿಲ್ಲ. ಮಾವ ಹೇಳಿದ ಪಂಚಾಯ್ತಿ ನಿಯಮದ ದೊಡ್ಡಣ್ಣ ಇದು. ನನಗೆ ಪೂರ್ತಿ ಸಮಾಧಾನ ಇಲ್ಲ, ಯಾಕೆಂದರೆ ತಾವೇ ಬೆಳೆಸಿದ ಆಟಗಾರರನ್ನು ಉಳಿಸಿಕೊಳ್ಳುವುದೂ ಇದರಿಂದ ದುಬಾರಿಯಾಗಿದೆ. ಡ್ರಾಫ್ಟಿನಿಂದ ಬೆಳೆಸಿದವರಿಗೆ ರಿಯಾಯ್ತಿ ಕೊಡಬೇಕಿತ್ತು.

ಪಾಸ್‌ಗೆ ಕೊಟ್ಟ ದುಡ್ಡು ವಸೂಲಾಯಿತು ಅಂತ ನನಗೆ ಅನ್ನಿಸಿದ್ದು 2022–23ರಲ್ಲಿ, ಅದೂ ಕಪ್ ಗೆಲ್ಲದ ತಂಡದಿಂದ. ಸ್ಯಾಕ್ರಮೆಂಟೊ ಕಿಂಗ್ಸ್ 16 ಸೀಸನ್ ಪ್ಲೇ ಆಫ್ ಮುಖವನ್ನೇ ನೋಡಿರಲಿಲ್ಲ. ಅದರ ಮಾಲೀಕ ವಿವೇಕ್ ರಣದಿವೆ ಮುಂಬೈನಲ್ಲಿ ಹುಟ್ಟಿದವರು. ಆ ವರ್ಷ ತಂಡ ಗೆದ್ದಾಗೆಲ್ಲ ಸ್ಟೇಡಿಯಂ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕು ಬಿಡುತ್ತಿದ್ದರು. ಬೆಳಕು ಹಚ್ಚಿ ಅಂತ ಊರಿಗೆ ಊರೇ ಕೂಗುತ್ತಿತ್ತು. ಮೊದಲ ಸುತ್ತಿನಲ್ಲಿ ಏಳು ಪಂದ್ಯ ಆಡಿ ವಾರಿಯರ್ಸ್‌ಗೆ ಸೋತರು, ಏಳನೆಯದರಲ್ಲಿ ಕರ್ರಿ ಒಬ್ಬನೇ 50 ಹೊಡೆದ. ಆದರೂ ಜನವರಿಯ ಮಾಮೂಲಿ ಪಂದ್ಯಕ್ಕೂ ಅಲಾರಂ ಇಟ್ಟು ಏಳುವ ಹಾಗೆ ಮಾಡಿದ್ದರಲ್ಲ, ಅದು ಮುಖ್ಯ.

2025ರ ಫೈನಲ್ಸ್ ಟಿವಿಯಲ್ಲಿ ಕಡಿಮೆ ಜನ ನೋಡಿದರು ಅಂದೆನಲ್ಲ. ನೋಡದವರಿಗೆ ನಷ್ಟ. 68 ಪಂದ್ಯ ಗೆದ್ದು ಬಂದಿದ್ದ ಓಕ್ಲಹೋಮದ ಎದುರು ಇಂಡಿಯಾನಾ ಮೊದಲ ಪಂದ್ಯದಲ್ಲಿ ಒಂದು ಕ್ಷಣವೂ ಮುಂದಿರಲಿಲ್ಲ. 0.3 ಸೆಕೆಂಡ್ ಉಳಿದಿದ್ದಾಗ ಅವರ ಟೈರೀಸ್ ಹ್ಯಾಲಿಬರ್ಟನ್ ಹೊಡೆದ ಶಾಟ್‌ಗೆ 111–110, ಗೆಲುವು ಇಂಡಿಯಾನಾದ್ದು. ನಮ್ಮಲ್ಲಿ ಶುಕ್ರವಾರ ಬೆಳಗ್ಗೆ. ಮಾವ ವಾರ್ತೆ ಹಾಕು ಅನ್ನಲಿಲ್ಲ, ಇನ್ನೊಂದು ಸಲ ತೋರಿಸು ಅಂದರು. ಸರಣಿ ಏಳು ಪಂದ್ಯಕ್ಕೆ ಹೋಯಿತು.

ನನ್ನ ಲೆಕ್ಕದಲ್ಲಿ ಈಗಿನ ಪಾಸ್‌ಗೆ ಐದಕ್ಕೆ ನಾಲ್ಕೂವರೆ. ಡ್ಯುರಾಂಟ್ ಇದ್ದ ವಾರಿಯರ್ಸ್ ಕಾಲದ ಪಾಸ್‌ಗೆ ಮೂರು, ಅದೂ ಪಾಸಿಂಗ್ ಚೆಂದಕ್ಕೆ. ಬರೀ ಫೈನಲ್ಸ್ ಸಾಕು ಅನ್ನುವವರು ಇಡೀ ಸೀಸನ್ನಿಗೆ ದುಡ್ಡು ಹಾಕಬೇಡಿ. ಹಾಕುವವರು ಚಾಂಪಿಯನ್ ತಂಡ ಹಿಡಿದು ಕೂರಬೇಡಿ, ಪಟ್ಟಿಯ ನಡುವಿನಲ್ಲಿರುವ ಒಂದು ತಂಡ ಆರಿಸಿ ಅದರ ಜೊತೆ ವರ್ಷ ಪೂರ್ತಿ ಇರಿ. ವಾರದ ದಿನಗಳಲ್ಲಿ ಹತ್ತು ನಿಮಿಷದ್ದು, ಭಾನುವಾರ ಬೆಳಗ್ಗೆ ಪೂರ್ತಿಯದ್ದು. ಮತ್ತೆ, ಸ್ಕೋರ್ ಮುಚ್ಚಿಡುವ ಸೆಟ್ಟಿಂಗ್ ಒಂದಿದೆ, ಅದನ್ನು ಮೊದಲ ದಿನವೇ ಆನ್ ಮಾಡಿ.