ಒಂದೇ ಊರಿನ ಎರಡು ಯಂತ್ರ: ಬಿಬಿಸಿ ಮೈಕ್ರೋದಲ್ಲೂ ಸ್ಪೆಕ್ಟ್ರಮ್‌ನಲ್ಲೂ ‘ಅಕ್ಕ’ ಬರೆದು ನೋಡಿದೆ

ಶಾಲೆಯಲ್ಲಿ ನಾನು ಮೊದಲು ಮುಟ್ಟಿದ ಕಂಪ್ಯೂಟರ್ ಬಿಬಿಸಿ ಮೈಕ್ರೋ. 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಒಂದು ಕೀಬೋರ್ಡಿಗೆ ಮೂವರು. ಕೆಲವು ವರ್ಷದ ಮೇಲೆ ಸೋದರಮಾವ ಸ್ಪೆಕ್ಟ್ರಮ್ ಪ್ಲಸ್ ತಂದರು, ಅದು ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಮನೆ ಕಂಪ್ಯೂಟರ್. ಡೆಸಿಬೆಲ್ಸ್ ಕಂಪನಿ ಭಾರತದಲ್ಲೇ ಮಾರುತ್ತಿದ್ದ ಮಾದರಿ ಅದು. ಯಾವುದು ಒಳ್ಳೇದು ಅಂತ ಮಾವನ ಮಗನ ಜೊತೆ ಎಷ್ಟು ಸಲ ಜಗಳ ಆಡಿದ್ದೇನೋ! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಮಾತ್ರ ಆಗ ಸಿಗಲಿಲ್ಲ. ಈ ಸಲ ಮಾವನ ಅಟ್ಟದಿಂದ ಸ್ಪೆಕ್ಟ್ರಮ್ ಇಳಿಸಿದೆ. ಗೆಳೆಯರೊಬ್ಬರು ತಮ್ಮ ಬಿಬಿಸಿಯನ್ನು ಎರಡು ವಾರಕ್ಕೆ ಕೊಟ್ಟರು.

ಎರಡಕ್ಕೂ ಒಂದೇ ಕೆಲಸ ಕೊಟ್ಟೆ. ಪರದೆಯ ಮೇಲೆ ನೀಲಿ ಬಣ್ಣದಲ್ಲಿ ‘ಅಕ್ಕ’ ಅಂತ ಬರೀಬೇಕು. ಅದನ್ನು ಹಾದುಹೋಗುವ ಹಾಗೆ ಕೆಂಪು ವೃತ್ತ ಎಳೀಬೇಕು. ಆಮೇಲೆ ಆ ಪ್ರೋಗ್ರಾಮನ್ನು ಕ್ಯಾಸೆಟ್ ಟೇಪಿಗೆ ಹಾಕಿ ವಾಪಸ್ ತರಬೇಕು.

ಅಕ್ಷರ ಬರೆಯುವುದರಲ್ಲಿ ಸ್ಪೆಕ್ಟ್ರಮ್ ಮೊದಲ ಹೊಡೆತಕ್ಕೇ ಮನಸ್ಸು ಗೆದ್ದಿತು. ಎರಡರಲ್ಲೂ ಅಕ್ಷರ ಅಂದರೆ 8ಕ್ಕೆ 8 ಚುಕ್ಕೆಗಳ ಚೌಕ. ಸ್ಪೆಕ್ಟ್ರಮ್‌ನಲ್ಲಿ ‘ಬಿನ್’ ಅನ್ನುವ ಪದ ಇದೆ. ಅದರ ಮುಂದೆ ಸೊನ್ನೆ, ಒಂದುಗಳನ್ನು ಹಾಗೇ ಬರೀಬಹುದು. ಎಂಟು ಸಾಲು ಮುಗಿಸಿದರೆ ಪ್ರೋಗ್ರಾಮಿನ ಒಳಗೇ ‘ಕ’ ಕಾಣುತ್ತೆ! ಬಿಬಿಸಿಯಲ್ಲಿ ‘ವಿಡಿಯು 23’ ಆದ ಮೇಲೆ ಅಕ್ಷರದ ಸಂಖ್ಯೆ, ಆಮೇಲೆ ಸಾಲಿಗೊಂದರಂತೆ ಎಂಟು ಸಂಖ್ಯೆ ಕೊಡಬೇಕು. ಚೌಕುಳಿ ಪುಸ್ತಕ ತಂದು, 128, 64, 32 ಅಂತ ಕೂಡಿಸುತ್ತಾ ಕೂತೆ. ಎರಡರಲ್ಲೂ ಒತ್ತಿಗೆ ಕೆಳಗಿನ ಸಾಲಿನಲ್ಲಿ ಇನ್ನೊಂದು ಚೌಕ ಬೇಕೇ ಬೇಕು.

ಬಿಬಿಸಿಯಲ್ಲಿ ಮೊದಲು ‘ಅಕ್ಕ’ ಬರಲೇ ಇಲ್ಲ. ಬಿಬಿಸಿಯ ಪರದೆಗೆ ಹಲವು ಬಗೆ ಇವೆ, ಒಂದೊಂದಕ್ಕೂ ‘ಮೋಡ್’ ಅಂತ ಹೆಸರು. ಯಂತ್ರ ಶುರುವಾಗುವುದು ಮೋಡ್ 7ರಲ್ಲಿ ಅನ್ನುವುದು ಮರೆತಿದ್ದೆ. ಅಲ್ಲಿ ಅಕ್ಷರ ಬರೆಯುವುದು ಟಿವಿಯಲ್ಲಿ ಬರಹದ ಪುಟ ತೋರಿಸುವ ಟೆಲಿಟೆಕ್ಸ್ಟ್‌ನ ಬೇರೆಯೇ ಚಿಪ್, ಅದಕ್ಕೆ ನಮ್ಮ ಅಕ್ಷರ ಗೊತ್ತಿಲ್ಲ. ಮೋಡ್ 1ಕ್ಕೆ ಹೋದ ಮೇಲೆ ಸರಿಯಾಯಿತು. ಹೀಗೇಕೆ ಅಂತ ತಿಳಿಯಲು ಈ ಯಂತ್ರ ಹುಟ್ಟಿದ ಕಥೆ ಕೇಳಬೇಕು.

ಕ್ರಿಸ್ ಕರಿ ಕೇಂಬ್ರಿಜ್‌ನಲ್ಲಿ ಕ್ಲೈವ್ ಸಿಂಕ್ಲೇರ್ ಜೊತೆ ವರ್ಷಗಟ್ಟಲೆ ದುಡಿದವರು. ಮುಂದೆ ಸ್ಪೆಕ್ಟ್ರಮ್ ತಂದದ್ದು ಇದೇ ಸಿಂಕ್ಲೇರ್. 1978ರಲ್ಲಿ ಕರಿ ಅದೇ ಊರಲ್ಲಿ ಹರ್ಮನ್ ಹೌಸರ್ ಜೊತೆ ಸೇರಿ ಏಕಾರ್ನ್ ಕಂಪನಿ ಕಟ್ಟಿದರು, ಬಿಬಿಸಿ ಮೈಕ್ರೋ ಮಾಡಿದ್ದು ಇದೇ ಕಂಪನಿ. 1981ರಲ್ಲಿ ಬಿಬಿಸಿ ವಾಹಿನಿಗೆ ಜನರಿಗೆ ಕಂಪ್ಯೂಟರ್ ಕಲಿಸುವ ಕಾರ್ಯಕ್ರಮಕ್ಕೆ ಒಂದು ಯಂತ್ರ ಬೇಕಾಯಿತು. ಆ ಕೆಲಸವನ್ನು ಸಿಂಕ್ಲೇರ್ ಕೂಡ ಕೇಳಿದ್ದರು, ಸಿಗಲಿಲ್ಲ. ಬಿಬಿಸಿಯವರಿಗೆ ತೋರಿಸಲು ಏಕಾರ್ನ್ ಬೇಗ ಒಂದು ಮಾದರಿ ಕಟ್ಟಬೇಕಿತ್ತು. ಹೌಸರ್ ಆಗ ತಮ್ಮ ಯಂತ್ರಗಳನ್ನು ರೂಪಿಸುತ್ತಿದ್ದ ಇಬ್ಬರಲ್ಲಿ ಸೋಫಿ ವಿಲ್ಸನ್‌ಗೆ ಫೋನ್ ಮಾಡಿ ‘ಸ್ಟೀವ್ ಫರ್ಬರ್ ಆಗುತ್ತೆ ಅಂದಿದ್ದಾರೆ’ ಅಂದರು. ಫರ್ಬರ್‌ಗೆ ಫೋನ್ ಮಾಡಿ ‘ಸೋಫಿ ಆಗುತ್ತೆ ಅಂದಿದ್ದಾರೆ’ ಅಂದರು. ಐದೇ ದಿನದಲ್ಲಿ ಮಾದರಿ ಕಟ್ಟಿದರು. ಬಿಬಿಸಿಯವರು ಬರುವ ಶುಕ್ರವಾರ ಬೆಳಿಗ್ಗೆಯವರೆಗೂ ಅದು ಓಡಿರಲಿಲ್ಲ. ಇನ್ನೊಂದು ಯಂತ್ರದಿಂದ ಬರುತ್ತಿದ್ದ ಕ್ಲಾಕ್ ತಂತಿಯನ್ನು, ಅಂದರೆ ಯಂತ್ರದ ಕೆಲಸಕ್ಕೆ ತಾಳ ಹಾಕುವ ಸಂಕೇತದ ತಂತಿಯನ್ನು, ಕತ್ತರಿಸಿ ನೋಡೋಣ ಅಂತ ಹೌಸರ್ ಹೇಳಿದರು. ಕತ್ತರಿಸಿದರು, ಓಡಿತು! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ಅಂದರೆ ಬಿಬಿಸಿ ಮೈಕ್ರೋ ಹುಟ್ಟಿದ್ದು ಬೇಡಿಕೆಯ ಪಟ್ಟಿಯಿಂದ. ಟಿವಿಯವರಿಗೆ ಟೆಲಿಟೆಕ್ಸ್ಟ್ ಬೇಕಿತ್ತು, ಹಾಗಾಗಿ ಮೋಡ್ 7. ಪ್ರೋಗ್ರಾಮ್ ಬರೆಯುವ ‘ಬೇಸಿಕ್’ ಭಾಷೆ ಚೆನ್ನಾಗಿ ಕಲಿಸುವಂಥದ್ದು ಬೇಕಿತ್ತು, ಹಾಗಾಗಿ ಪ್ರೊಸೀಜರ್‌ಗಳು, ರಿಪೀಟ್–ಅಂಟಿಲ್ (ಹೆಸರಿಟ್ಟು ಕರೆಯುವ ತುಂಡು ಪ್ರೋಗ್ರಾಮ್, ಒಂದು ಷರತ್ತು ಮುಗಿಯುವವರೆಗೆ ಮತ್ತೆ ಮತ್ತೆ ಮಾಡುವ ಆದೇಶ). 32 ಕೆಬಿಯ ಮಾಡೆಲ್ ಬಿ ಬೆಲೆ 335 ಪೌಂಡ್ ಅಂತ ಹೊರಟು 399ಕ್ಕೆ ಏರಿತು.

ಸ್ಪೆಕ್ಟ್ರಮ್ ಹುಟ್ಟಿದ್ದು ಬೆಲೆಯಿಂದ. 1982ರ ಏಪ್ರಿಲ್‌ನಲ್ಲಿ ಬಂದಾಗ 16 ಕೆಬಿಗೆ 125 ಪೌಂಡ್, 48 ಕೆಬಿಗೆ 175. ರಿಚರ್ಡ್ ಆಲ್ಟ್‌ವಾಸರ್ ಸರ್ಕ್ಯೂಟ್ ಮಾಡಿದರು, ಸ್ಟೀವ್ ವಿಕರ್ಸ್ ಬೇಸಿಕ್ ಬರೆದರು, ರಿಕ್ ಡಿಕಿನ್ಸನ್ ಆ ರಬ್ಬರ್ ಕೀಗಳ ರೂಪ ಕೊಟ್ಟರು. ಹಿಂದಿನ ಝಡ್‌ಎಕ್ಸ್81ರ ಬೇಸಿಕ್ಕನ್ನೇ ಬೆಳೆಸಿದ್ದರಿಂದ ಒಂದು ಕೀಗೆ ಒಂದು ಪದ ಅನ್ನುವ ಪದ್ಧತಿ ಉಳಿಯಿತು. ‘ಪಿ’ ಒತ್ತಿದರೆ ‘ಪ್ರಿಂಟ್’, ‘ಓ’ ಒತ್ತಿದರೆ ‘ಪೋಕ್’ (ಮೆಮೊರಿಯ ಒಂದು ಜಾಗಕ್ಕೆ ನೇರ ಸಂಖ್ಯೆ ಬರೆಯುವ ಆದೇಶ). ರೂಢಿಯಾದರೆ ಬಲು ಬೇಗ.

ಈಗ ವೃತ್ತ. ಸ್ಪೆಕ್ಟ್ರಮ್‌ನಲ್ಲಿ ‘ಸರ್ಕಲ್’ ಅಂತ ಒಂದೇ ಪದ ಸಾಕು. ಬಿಬಿಸಿಯಲ್ಲಿ ಆ ಪದವೇ ಇಲ್ಲ, ಸೈನ್, ಕೊಸೈನ್ ಲೆಕ್ಕ ಹಾಕಿ ನಾವೇ ಎಳೀಬೇಕು. ಆದರೆ ಫಲ ನೋಡಿ. ಬಿಬಿಸಿಯಲ್ಲಿ ನೀಲಿ ಅಕ್ಷರ ನೀಲಿಯಾಗೇ ಉಳಿಯಿತು, ಕೆಂಪು ಗೆರೆ ಅದರ ಮೇಲೆ ಹಾದುಹೋಯಿತು. ಸ್ಪೆಕ್ಟ್ರಮ್‌ನಲ್ಲಿ ಗೆರೆ ಮುಟ್ಟಿದ ಕಡೆ ನೀಲಿ ಒತ್ತು ಪೂರ್ತಿ ಕೆಂಪಾಯಿತು. ಒಂದು ಚೌಕಕ್ಕೆ ಎರಡೇ ಬಣ್ಣ, ಬರಹಕ್ಕೊಂದು ಹಿನ್ನೆಲೆಗೊಂದು, ಅದೇ ನಿಯಮ. ಇದು ಉಳಿತಾಯಕ್ಕಾಗಿ ಮಾಡಿದ್ದು. ಸ್ಪೆಕ್ಟ್ರಮ್‌ನ ಇಡೀ ಪರದೆಗೆ ಬೇಕಾದದ್ದು 6912 ಬೈಟ್. ಬಿಬಿಸಿಯ ಮೋಡ್ 1 ಒಂದೇ 20 ಕೆಬಿ ನುಂಗುತ್ತೆ. ಪ್ರೋಗ್ರಾಮಿಗೆ ಉಳಿಯುವುದು ಹೆಚ್ಚೆಂದರೆ ಎಂಟೂವರೆ ಕೆಬಿ. 48 ಕೆಬಿ ಸ್ಪೆಕ್ಟ್ರಮ್‌ನಲ್ಲಿ 40 ಕೆಬಿಗೂ ಜಾಸ್ತಿ ಖಾಲಿ ಇರುತ್ತೆ.

ವೇಗದಲ್ಲಿ ಬಿಬಿಸಿಯೇ. ಸಾವಿರ ಸುತ್ತಿನ ಖಾಲಿ ಲೂಪ್ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಿತು, ಸ್ಪೆಕ್ಟ್ರಮ್ ನಾಲ್ಕು ಸೆಕೆಂಡಿಗೂ ಮೇಲೆ ತಗೊಂಡಿತು.

ಟೇಪಿನ ಕೆಲಸದಲ್ಲಿ ನನ್ನ ತೀರ್ಮಾನ ಗಟ್ಟಿಯಾಯಿತು. ನನ್ನ ಹಳೇ ಟೇಪ್ ರೆಕಾರ್ಡರ್ ನಡುವೆ ಎಡವುತ್ತೆ. ಸ್ಪೆಕ್ಟ್ರಮ್ ಸ್ವಲ್ಪ ಬೇಗ ಓದುತ್ತೆ, ಆದರೆ ತಪ್ಪಿದರೆ ಮತ್ತೆ ಮೊದಲಿಂದ. ಬಿಬಿಸಿ ತುಂಡು ತುಂಡಾಗಿ ಎಣಿಸುತ್ತಾ ಓದುತ್ತೆ. ಒಂದು ತುಂಡು ಕೆಟ್ಟರೆ ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತು ಅನ್ನುತ್ತೆ, ಅಲ್ಲಿಂದಲೇ ಮುಂದುವರಿಯುತ್ತೆ. ಕಲಿಯುವ ಮಕ್ಕಳಿಗೆ ಇಂಥ ತಾಳ್ಮೆಯ ಯಂತ್ರ ಬೇಕು ಅಲ್ವಾ?

ಹಾಗಾಗಿ ಪ್ರೋಗ್ರಾಮ್ ಕಲಿಯಲು ನನ್ನ ಆಯ್ಕೆ ಬಿಬಿಸಿ. ಬಿಬಿಸಿ 15 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಸ್ಪೆಕ್ಟ್ರಮ್ 50 ಲಕ್ಷದಷ್ಟು. ಮನೆಮನೆಗೆ ಹೋದದ್ದು ಸ್ಪೆಕ್ಟ್ರಮ್. ಆ ಬೆಲೆ ಇಲ್ಲದಿದ್ದರೆ ಅಷ್ಟು ಮಕ್ಕಳಿಗೆ ಸ್ವಂತ ಕಂಪ್ಯೂಟರ್ ಸಿಗುತ್ತಲೇ ಇರಲಿಲ್ಲ. ಆದರೆ ಫರ್ಬರ್, ವಿಲ್ಸನ್ ಮಾಡಿದ ಮೊದಲ ಆರ್ಮ್ ಚಿಪ್ 1985ರಲ್ಲಿ ಓಡಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿಕೊಂಡೇ. ನಿಮ್ಮ ಕೈಲಿರುವ ಫೋನಿನ ಚಿಪ್ ಅದರದೇ ವಂಶದ್ದು.

ಕೊನೆಗೆ ಇಡೀ ವರ್ಣಮಾಲೆ ಹಾಕಲು ಹೋದೆ. ಸ್ಪೆಕ್ಟ್ರಮ್ ಸ್ವಂತ ಅಕ್ಷರಕ್ಕೆ ಕೊಡುವುದು 21 ಜಾಗ, ಬಿಬಿಸಿ 32. ನಮಗೆ ಬೇಕಾದದ್ದು 49. ಬಿಬಿಸಿಯಲ್ಲಿ ‘ಎಫ್‌ಎಕ್ಸ್ 20’ ಆದೇಶದಿಂದ 256 ಬೈಟ್ ಕೊಟ್ಟೆ, ಇನ್ನೂ 32 ಜಾಗ ಸಿಕ್ಕಿತು. ಸ್ಪೆಕ್ಟ್ರಮ್‌ನಲ್ಲಿ ಅಕ್ಷರ ಪಟ್ಟಿಯ ವಿಳಾಸವನ್ನೇ ‘ಪೋಕ್’ ಮಾಡಿ ಬದಲಿಸಿದೆ. ಅಕ್ಷರಗಳೆಲ್ಲ ಹಿಡಿಸಿದವು. ಆದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂತದ್ದರಿಂದ ಪ್ರೋಗ್ರಾಮಿನ ಲಿಸ್ಟಿಂಗ್ ಪೂರ್ತಿ ಕನ್ನಡ ಲಿಪಿಯಲ್ಲಿ ಬಂತು. ಅರ್ಥ ಒಂದೂ ಆಗುವುದಿಲ್ಲ, ಆದರೂ ಅದನ್ನು ಅಳಿಸಲು ಮನಸ್ಸು ಬಾರದೆ ಫೋಟೋ ತೆಗೆದಿಟ್ಟುಕೊಂಡೆ.